ಡೇರೆ ಬಂದ ದಾರಿ: ಕೃಷ್ಣಾ ತೀರದ ಸರ್ಕಸ್ಸಿನ ಬೆನ್ನು ಹತ್ತಿ

ಸರ್ಕಸ್ಸಿನ ಚರಿತ್ರೆ ಬರೆಯುವವರು ಸಾಮಾನ್ಯವಾಗಿ 1768ರ ಲಂಡನ್ನಿನಿಂದ ಶುರು ಮಾಡುತ್ತಾರೆ. ಸೈನ್ಯದಲ್ಲಿ ಕುದುರೆ ಪಳಗಿಸಿ ಬಂದಿದ್ದ ಫಿಲಿಪ್ ಆಸ್ಟ್ಲಿ ಅಲ್ಲಿನ ಒಂದು ಬಯಲಲ್ಲಿ ಕುದುರೆಯನ್ನು ದುಂಡಗೆ ಓಡಿಸುತ್ತ ಅದರ ಬೆನ್ನ ಮೇಲೆ ನಿಂತು ತೋರಿಸಿದ. ನೇರ ಓಡುವ ಕುದುರೆಗಿಂತ ಸುತ್ತು ಹಾಕುವ ಕುದುರೆಯ ಮೇಲೆ ನಿಲ್ಲುವುದು ಸಲೀಸು. ಸವಾರ ಒಳಮುಖವಾಗಿ ವಾಲಿದರೆ ಸುತ್ತಿನ ವೇಗವೇ ಅವನನ್ನು ಹಿಡಿದು ನಿಲ್ಲಿಸುತ್ತದೆ. ಹೀಗೆ ಪಳಗಿ ನಿಂತ 42 ಅಡಿ ಅಡ್ಡಳತೆಯ ಕಣ ಇವತ್ತಿಗೂ ಸರ್ಕಸ್ಸಿನ ಅಳತೆ. ಆಮೇಲಿನದು ವಿಕ್ಟೋರಿಯಾ ರಾಣಿಯ ಕಾಲ. ವ್ಯಾನ್ ಆಂಬರ್ಗ್ ಎಂಬ ಅಮೆರಿಕದವನು ಸಿಂಹಗಳ ನಡುವೆ ನಿಂತು ಮಾಡುತ್ತಿದ್ದ ಆಟವನ್ನು 1839ರಲ್ಲಿ ಆ ರಾಣಿಯೇ ಮತ್ತೆ ಮತ್ತೆ ಹೋಗಿ ನೋಡಿದಳು. 1859ರಲ್ಲಿ ಪ್ಯಾರಿಸ್ಸಿನಲ್ಲಿ ಜೂಲ್ ಲಿಯೋತಾರ್ ಒಂದು ಜೋಕಾಲಿಯಿಂದ ಇನ್ನೊಂದಕ್ಕೆ ಹಾರಿದ. 1877ರ ಏಪ್ರಿಲ್‌ನಲ್ಲಿ ಲಂಡನ್ನಿನಲ್ಲಿ ಜ್ಯಾಜೆಲ್ ಎಂಬ ಹೆಸರಿನ ಹುಡುಗಿಯೊಬ್ಬಳನ್ನು ತೋಪಿನ ಬಾಯಿಂದ ಹಾರಿಸಿದರು.

ಇದೆಲ್ಲ ಪುಸ್ತಕಗಳಲ್ಲಿ ಧಾರಾಳವಾಗಿ ಸಿಗುತ್ತದೆ. ನಾನು ಹುಡುಕಲು ಹೊರಟದ್ದು ಬೇರೆ. ಅದೇ ರಾಣಿಯ ಆಳಿಕೆಯಲ್ಲಿದ್ದ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿಗಳ ಕಡೆಗೆ ಸರ್ಕಸ್ಸು ತಿರುಗಿದ್ದು ಯಾವ ದಾರಿಯಿಂದ? ಅದನ್ನು ಕಟ್ಟಿದವರು ಯಾರು? ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿ ಹರಿಯುವ ಈ ಎರೆನೆಲದ ಊರುಗಳ ಹೆಸರು ಸರ್ಕಸ್ಸಿನ ಯಾವ ದೊಡ್ಡ ಪುಸ್ತಕದಲ್ಲೂ ಮುಖ್ಯವಾಗಿ ಬರುವುದಿಲ್ಲ. ಆದರೆ ಭಾರತದ ಸರ್ಕಸ್ಸು ಹುಟ್ಟಿದ್ದು ಈ ನೆಲದ ಮಗ್ಗುಲಲ್ಲೇ, ಇದೇ ಕೃಷ್ಣೆಯ ಮೇಲ್ದಂಡೆಯಲ್ಲಿ.

ಇಂಥ ಹುಡುಕಾಟದ ಮೊದಲ ತೊಡಕು ದಫ್ತರಗಳದು. 1956ರವರೆಗೆ ಈ ಊರುಗಳಿರುವ ವಿಜಯಪುರ ಜಿಲ್ಲೆ ಮುಂಬೈಗೆ ಸೇರಿತ್ತು. ಅದಕ್ಕೂ ಹಿಂದೆ, 1885ರವರೆಗೆ, ಜಿಲ್ಲೆಯ ಹೆಸರೇ ಕಲಾದಗಿ. ಹೀಗಾಗಿ ನಮ್ಮ ಊರುಗಳ ಕಾಗದಗಳು ಮುಂಬೈ, ಪುಣೆ, ಧಾರವಾಡಗಳಲ್ಲಿ ಹಂಚಿಹೋಗಿವೆ. ಪಕ್ಕದ ಸಂಸ್ಥಾನಗಳಾದ ಕುರುಂದವಾಡ, ಮಿರಜ, ಸಾಂಗಲಿ, ಜಮಖಂಡಿಗಳ ಮೇಲ್ವಿಚಾರಣೆ ಕೊಲ್ಲಾಪುರದ ಪೊಲಿಟಿಕಲ್ ಏಜೆಂಟರ ಕೈಯಲ್ಲಿತ್ತು. ಅವುಗಳ ಜಾಡು ಹಿಡಿಯಬೇಕೆಂದರೆ ಕೊಲ್ಲಾಪುರಕ್ಕೆ ಹೋಗಬೇಕು. ಎರಡನೆಯ ತೊಡಕು ಇನ್ನೂ ದೊಡ್ಡದು. ಸರ್ಕಸ್ಸು ಎಂಬ ತಲೆಬರಹದ ಕೆಳಗೆ ಸರ್ಕಸ್ಸನ್ನು ಹುಡುಕಿದರೆ ಸಿಗುವುದು ಅಷ್ಟಿಷ್ಟೇ. ಅದು ಅಡಗಿರುವುದು ರೈಲಿನ ನಕಾಶೆಗಳಲ್ಲಿ, ಸಂಸ್ಥಾನದ ಕುದುರೆ ಲಾಯಗಳಲ್ಲಿ, ಗಾಯಕರ ಜೀವನಚರಿತ್ರೆಗಳಲ್ಲಿ, ಜಾತಿ ವರ್ಣನೆಯ ದಪ್ಪ ಸಂಪುಟಗಳಲ್ಲಿ. ಇವನ್ನೆಲ್ಲ ಒಂದೇ ಮೇಜಿನ ಮೇಲೆ ತಂದಿಟ್ಟಾಗ ಮಾತ್ರ ಡೇರೆ ಎದ್ದು ನಿಲ್ಲುತ್ತದೆ.

ಮೊದಲು ರೈಲು. ಅದಕ್ಕೂ ಮೊದಲು ಬರ, ಏಕೆಂದರೆ ಈ ಭಾಗಕ್ಕೆ ರೈಲನ್ನು ತಂದದ್ದೇ ಬರ. 1877ರ ಜನವರಿ 1ರಂದು ದಿಲ್ಲಿಯ ದರಬಾರಿನಲ್ಲಿ ವಿಕ್ಟೋರಿಯಾ ಭಾರತದ ಚಕ್ರವರ್ತಿನಿ ಎಂದು ಸಾರುವಾಗ ಕಲಾದಗಿ ಜಿಲ್ಲೆಯಲ್ಲಿ ಧಾತು ಸಂವತ್ಸರದ ಬರ ಕೂತಿತ್ತು. ಪರಿಹಾರದ ಕೆಲಸಕ್ಕೆ ಬಂದವರಿಗೆ ದಿನಕ್ಕೆ ಒಂದು ಪೌಂಡು ಧಾನ್ಯದ ಕೂಲಿ ಸಾಕೇ ಎಂಬ ವಾದ ಸರಕಾರದ ಒಳಗೇ ನಡೆದಿತ್ತು. 1881ರ ಜನಗಣತಿಯ ಹೊತ್ತಿಗೆ ಜಿಲ್ಲೆಯ ಜನಸಂಖ್ಯೆ 1872ಕ್ಕಿಂತ ಒಂದೂವರೆ ಲಕ್ಷಕ್ಕೂ ಹೆಚ್ಚು ಇಳಿದಿತ್ತು. ಲಂಡನ್ನಿನಲ್ಲಿ ಹುಡುಗಿಯನ್ನು ತೋಪಿನಿಂದ ಹಾರಿಸಿ ಚಪ್ಪಾಳೆ ಪಡೆದ ವರ್ಷವೂ ಅದೇ 1877. ಈ ಎರಡು ತಾರೀಖುಗಳನ್ನು ಒಂದೇ ಹಾಳೆಯ ಮೇಲೆ ಬರೆದುಕೊಂಡ ದಿನದಿಂದ ವಿಕ್ಟೋರಿಯಾ ಕಾಲದ ಸರ್ಕಸ್ಸು ಎಂಬ ಮಾತನ್ನು ನಾನು ಬೇರೆ ಬಗೆಯಲ್ಲೇ ಕೇಳಿಸಿಕೊಂಡಿದ್ದೇನೆ.

ಬರದ ಪಾಠದಿಂದ ಸದರ್ನ್ ಮರಾಠಾ ರೈಲ್ವೆ ಬಂತು. 1882ರಲ್ಲಿ ಕಂಪನಿ, 1884ರಲ್ಲಿ ಹೋಟಗಿಯಿಂದ ಗದಗದವರೆಗಿನ ಮೀಟರ್ ಗೇಜ್ ಹಳಿ. ಆ ಹಳಿ ಇಂಡಿ ರೋಡ್ ಮುಟ್ಟಿ, ವಿಜಯಪುರ ದಾಟಿ, ಬಾಗೇವಾಡಿ ತಾಲ್ಲೂಕಿನಲ್ಲಿ ಇಳಿದು, ಆಲಮಟ್ಟಿಯ ಬಳಿ ಕೃಷ್ಣೆಯನ್ನು ದಾಟಿತು. ಸಿಂದಗಿಗೂ ಮುದ್ದೇಬಿಹಾಳಕ್ಕೂ ರೈಲು ಬರಲಿಲ್ಲ. ನಾಲ್ಕು ತಾಲ್ಲೂಕುಗಳಲ್ಲಿ ಎರಡು ಹಳಿಯ ಮಗ್ಗುಲಿಗೆ, ಎರಡು ಹಳಿಯಿಂದ ದೂರ. ಸರ್ಕಸ್ಸಿನ ಲೆಕ್ಕದಲ್ಲಿ ಇದು ಸಣ್ಣ ವ್ಯತ್ಯಾಸವಲ್ಲ. ಡೇರೆಯ ಬಟ್ಟೆ, ನಡುಗಂಬ, ಹಗ್ಗ, ಮೊಳೆ, ಪ್ರಾಣಿಗಳ ಪಂಜರ, ಕುದುರೆ, ಮೇವು ಇವನ್ನೆಲ್ಲ ಹೊತ್ತು ಎರೆಯ ದಾರಿಯಲ್ಲಿ ಚಕ್ಕಡಿ ಕಟ್ಟುವುದು ಬೇಸಿಗೆಯ ಕೆಲಸ. ಮಳೆ ಬಿದ್ದರೆ ಈ ನೆಲ ಚಕ್ಕಡಿಯ ಗಾಲಿಯನ್ನು ಅಚ್ಚಿನ ತನಕ ನುಂಗುತ್ತದೆ. ದೊಡ್ಡ ಕಂಪನಿಗಳು ರೈಲಿನ ಊರುಗಳನ್ನು ಹಿಡಿದದ್ದೂ ಒಳನಾಡಿನ ಜನ ಬುತ್ತಿ ಕಟ್ಟಿಕೊಂಡು ಆ ಊರಿಗೇ ಹೋಗಿ ಆಟ ನೋಡಿದ್ದೂ ಇದರಿಂದ ತಾನಾಗಿ ತಿಳಿಯುತ್ತದೆ.

ಹಳಿಯ ಅಗಲದಲ್ಲಿ ಇನ್ನೊಂದು ಸುಳಿವಿದೆ, ಅದನ್ನು ಯಾರೂ ಎತ್ತಿ ಹೇಳಿದ್ದನ್ನು ನಾನು ಓದಿಲ್ಲ. ಮುಂಬೈ–ಪುಣೆ–ಸೊಲ್ಲಾಪುರದ ಹಳಿ ಬ್ರಾಡ್ ಗೇಜ್. ಆ ಕಡೆಯಿಂದ ಬರುವ ಕಂಪನಿ ಹೋಟಗಿಯಲ್ಲಿ ಸಾಮಾನನ್ನೆಲ್ಲ ಇಳಿಸಿ, ಪ್ರಾಣಿಗಳನ್ನು ಇಳಿಸಿ, ಸಣ್ಣ ಹಳಿಯ ಡಬ್ಬಿಗಳಿಗೆ ಮತ್ತೆ ಏರಿಸಬೇಕು. ಆದರೆ 1890ರ ಹೊತ್ತಿಗೆ ಪುಣೆಯಿಂದ ಮಿರಜ, ಬೆಳಗಾವಿಗಳ ಮೇಲೆ ಲೋಂಡಾವರೆಗೆ ಬಂದ ಹಳಿ ಮೀಟರ್ ಗೇಜ್. ಮಿರಜದಲ್ಲಿ ಹತ್ತಿದ ಕಂಪನಿ ಲೋಂಡಾ, ಧಾರವಾಡ, ಹುಬ್ಬಳ್ಳಿ, ಗದಗ ಸುತ್ತಿಕೊಂಡು ಬಾದಾಮಿ, ಬಾಗಲಕೋಟೆ, ವಿಜಯಪುರಕ್ಕೆ ಗಾಡಿ ಬದಲಿಸದೆ ಬರಬಹುದು. ದಾರಿಯುದ್ದಕ್ಕೂ ಆಟ ಹೂಡಬಹುದಾದ ಪೇಟೆಗಳು. ಭಾರತದ ಮೊದಲ ಪೀಳಿಗೆಯ ಸರ್ಕಸ್ ಕಂಪನಿಗಳ ತವರು ಇದ್ದದ್ದು ಇದೇ ಮಿರಜ–ಸಾಂಗಲಿಯ ಆಸುಪಾಸಿನಲ್ಲಿ. ನಕಾಶೆಯ ಮೇಲೆ ಈ ಗೆರೆ ಎಳೆದು ನೋಡಿದರೆ ಉತ್ತರ ಕರ್ನಾಟಕ ಆ ಕಂಪನಿಗಳ ಮನೆಯಂಗಳವೇ ಆಗಿತ್ತೆಂಬುದು ನನ್ನ ಖಚಿತ ಅಭಿಪ್ರಾಯ.

ಈಗ ಹೊಳೆಯ ಮೇಲಕ್ಕೆ ಹೋಗೋಣ. ನಮ್ಮ ಜನ ದತ್ತನ ಸೇವೆಗೆ ಹೋಗುವ ಔದುಂಬರದ ಹತ್ತಿರ ಅಂಕಲಖೋಪ ಎಂಬ ಊರಿದೆ. ವಿಷ್ಣುಪಂತ ಮೋರೇಶ್ವರ ಛತ್ರೆ ಅಲ್ಲಿಯವರು. ಹಾಡು ಕಲಿಯುವ ಹುಚ್ಚಿನಿಂದ ಗ್ವಾಲಿಯರಕ್ಕೆ ಹೋದರು, ಹದ್ದೂ ಖಾನರ ಹತ್ತಿರ ಗಾಯನ ಕಲಿತರು. ಅದೇ ಊರಿನಲ್ಲಿ ಬಾಬಾಸಾಹೇಬ ಆಪ್ಟೆ ಎಂಬ ಕುದುರೆ ಪಂಡಿತರಿಂದ ಕುದುರೆ ಪಳಗಿಸುವ ವಿದ್ಯೆಯನ್ನೂ ಕಲಿತರು. ಮರಳಿ ಬಂದವರಿಗೆ ಆಸರೆ ಕೊಟ್ಟದ್ದು ಕುರುಂದವಾಡದ ಸಂಸ್ಥಾನಿಕ ಬಾಳಾಸಾಹೇಬ ಪಟವರ್ಧನ. ನರಸೋಬಾ ವಾಡಿಗೆ ಹೋದವರಿಗೆಲ್ಲ ಕುರುಂದವಾಡ ಗೊತ್ತು: ಪಂಚಗಂಗೆ ಕೃಷ್ಣೆಗೆ ಕೂಡುವ ಸಂಗಮದ ಆಚೆ ದಂಡೆಯ ಊರು. ಛತ್ರೆ ಅಲ್ಲಿ ಸಂಸ್ಥಾನದ ಲಾಯ ನೋಡಿಕೊಳ್ಳುತ್ತ ಕುದುರೆಗಳ ಆಟ ತೋರಿಸುತ್ತಿದ್ದರು.

ಮುಂದಿನ ಕಥೆ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ತೆರ. 1879ರ ಸುಮಾರಿಗೆ ಜ್ಯೂಸೆಪ್ಪೆ ಕಿಯಾರಿನಿಯ ರಾಯಲ್ ಇಟಾಲಿಯನ್ ಸರ್ಕಸ್ ಮುಂಬೈಗೆ ಬಂತು. ದೊರೆಯೂ ಛತ್ರೆಯೂ ಆಟಕ್ಕೆ ಹೋದರು. ಭಾರತದವರಿಗೆ ಇಂಥದ್ದನ್ನು ಕಟ್ಟುವ ಯೋಗ್ಯತೆ ಇನ್ನೂ ಬಂದಿಲ್ಲ ಎಂಬ ಅರ್ಥದ ಮಾತನ್ನು ಕಿಯಾರಿನಿ ಆಡಿದ, ಛತ್ರೆ ಪಂಥ ಕಟ್ಟಿದರು, ಕೆಲವೇ ತಿಂಗಳಲ್ಲಿ ಗ್ರೇಟ್ ಇಂಡಿಯನ್ ಸರ್ಕಸ್ ಸಿದ್ಧವಾಯಿತು. ಕುದುರೆಯಾಟ ಅವರದು; ಜೋಕಾಲಿಯ ಮೇಲಿನ ಆಟ ಅವರ ಹೆಂಡತಿಯದು ಎಂದು ಹೇಳುತ್ತ ಬಂದಿದ್ದಾರೆ. ಮೊದಲ ಆಟದ ತಾರೀಖು 1880ರ ಮಾರ್ಚ್ 20 ಎಂದು ಬಹುಪಾಲು ಪುಸ್ತಕಗಳು ಬರೆದಿವೆ. ಮರಾಠಿಯ ಕೆಲವು ಹೇಳಿಕೆಗಳಲ್ಲಿ ಮಾತ್ರ ಕಿಯಾರಿನಿಯ ಜಾಗದಲ್ಲಿ ವಿಲ್ಸನ್ ಎಂಬವನ ಸರ್ಕಸ್ ಬರುತ್ತದೆ, ವರ್ಷ 1882 ಆಗುತ್ತದೆ. ಪಂಥದ ಕಥೆಯಲ್ಲಿ ಬಣ್ಣ ಕೂಡಿರುವುದು ಸಹಜ. ಆದರೆ ಎರಡೂ ಕಥೆಗಳಲ್ಲಿ ಬದಲಾಗದೆ ನಿಂತದ್ದು ಒಂದಿದೆ: ಆ ಡೇರೆಯ ಬೇರು ಕುರುಂದವಾಡದ ಲಾಯದಲ್ಲಿತ್ತು. ಸರ್ಕಸ್ಸನ್ನು ಇಂಗ್ಲಿಷರು ತಂದುಕೊಟ್ಟರೆಂದು ಹೇಳುವವರು ಆ ಲಾಯದ ಹತ್ತಿರ ಹೋಗಿಲ್ಲ.

ಛತ್ರೆಯ ಕಥೆಯಲ್ಲಿ ನನ್ನನ್ನು ಹೆಚ್ಚು ಹೊತ್ತು ಹಿಡಿದು ಕೂಡಿಸಿದ್ದು ಕುದುರೆಗಳಲ್ಲ, ಒಬ್ಬ ಗಾಯಕ. ಗುರು ಹದ್ದೂ ಖಾನರ ಮಗ ರಹಿಮತ್ ಖಾನರು ಅಪ್ಪ ಹೋದ ಮೇಲೆ ಅಫೀಮಿನ ಚಟಕ್ಕೆ ಬಿದ್ದು, ಮನಸ್ಸಿನ ಹದ ತಪ್ಪಿ, ಕಾಶಿಯಲ್ಲಿ ದಿಕ್ಕಿಲ್ಲದಂತೆ ಇದ್ದರು. ಸರ್ಕಸ್ಸು ಕಟ್ಟಿಕೊಂಡು ಊರೂರು ತಿರುಗುತ್ತಿದ್ದ ಛತ್ರೆ ಗುರುಪುತ್ರನನ್ನು ಅಲ್ಲಿ ಕಂಡು ತಮ್ಮೊಂದಿಗೆ ಕರೆದುಕೊಂಡರು. ಆಮೇಲೆ ಸರ್ಕಸ್ಸು ಹೋದಲ್ಲಿ ರಹಿಮತ್ ಖಾನರೂ ಹೋದರು, ಅವರ ಕಚೇರಿಗಳೂ ನಡೆದವು. ನೇಪಾಳದ ದರಬಾರಿನವರೆಗೂ ಆ ಹಾಡು ಮುಟ್ಟಿತು; ಭೂಗಂಧರ್ವ ಎಂಬ ಬಿರುದು ಅವರ ಹೆಸರಿಗೆ ಅಂಟಿತು. ವಿಷ್ಣುಪಂತರ ನಂತರ ಅವರ ತಮ್ಮ ಕಾಶೀನಾಥಪಂತರು ಖಾನರನ್ನು ನೋಡಿಕೊಂಡರು. ಖಾನರು ಕೊನೆಯ ದಿನಗಳನ್ನು ಕುರುಂದವಾಡದಲ್ಲೇ ಕಳೆದು 1922ರಲ್ಲಿ ತೀರಿಕೊಂಡರು. ಅದಕ್ಕೆ ಸ್ವಲ್ಪ ಮೊದಲು ಅವರ ಕೆಲವು ಹಾಡುಗಳು ಗ್ರಾಮಫೋನ್ ತಟ್ಟೆಗೆ ಇಳಿದವು. ಆ ಧ್ವನಿಮುದ್ರಣಗಳು ಇಂದಿಗೂ ಕೇಳಸಿಗುತ್ತವೆ.

ಇದರಲ್ಲಿ ಕನ್ನಡಿಗರಿಗೇನು ಎಂದು ಕೇಳಬಹುದು. ಮಿರಜದಲ್ಲಿ ನೆಲೆಸಿದ ಅಬ್ದುಲ್ ಕರೀಂ ಖಾನರು ರಹಿಮತ್ ಖಾನರ ಹಾಡಿಕೆಗೆ ಮನಸೋತು ಅದರ ಕರುಳನ್ನು ತಮ್ಮದಾಗಿಸಿಕೊಂಡರೆಂಬುದನ್ನು ಸಂಗೀತ ಬಲ್ಲವರು ಒಪ್ಪುತ್ತಾರೆ. ಕರೀಂ ಖಾನರ ಶಿಷ್ಯರು ಕುಂದಗೋಳದ ರಾಮಭಾವು, ನಮ್ಮ ಸವಾಯಿ ಗಂಧರ್ವರು. ಅವರ ಶಿಷ್ಯರು ಗಂಗೂಬಾಯಿ ಹಾನಗಲ್ಲ ಮತ್ತು ಭೀಮಸೇನ ಜೋಶಿ. ಸರ್ಕಸ್ಸಿನ ಮಾಲೀಕನೊಬ್ಬ ಕಾಶಿಯಿಂದ ಒಂದು ಜೀವವನ್ನು ಎತ್ತಿಕೊಂಡು ಕೃಷ್ಣೆಯ ದಂಡೆಗೆ ತರದಿದ್ದರೆ ಧಾರವಾಡ–ಹುಬ್ಬಳ್ಳಿಯ ಗಾಯನಕ್ಕೆ ಆ ಎಳೆ ಸಿಗುತ್ತಿರಲಿಲ್ಲ. ಸರ್ಕಸ್ಸಿನ ಪುಸ್ತಕಗಳು ಈ ಮಾತನ್ನು ಒಂದು ಸಾಲಿನಲ್ಲಿ ಹೇಳಿ ಮುಗಿಸುತ್ತವೆ, ಸಂಗೀತದ ಪುಸ್ತಕಗಳು ಸರ್ಕಸ್ಸನ್ನು ಒಂದು ಸಾಲಿನಲ್ಲಿ. ಎರಡನ್ನೂ ಕೂಡಿಸಿ ಓದಿದವರಿಗೆ ಮಾತ್ರ ಈ ಉಪಕಾರದ ಗಾತ್ರ ತಿಳಿದೀತು.

ಛತ್ರೆಯ ಬೆನ್ನಿಗೇ ಅದೇ ಸೀಮೆಯಿಂದ ಬೇರೆ ಕಂಪನಿಗಳು ಎದ್ದವು. ತಾಸಗಾಂವದ ಪರಶುರಾಮ ಮಾಳಿಯವರದು, ಕಾರ್ಲೇಕರರದು, ಇವತ್ತಿನ ಗಡಿಗೆ ಹತ್ತಿದಂತಿರುವ ಮ್ಹೈಸಾಳದ ದೇವಲರದು. ಒಂದೇ ನಾಡಿನಲ್ಲಿ ಇಷ್ಟೊಂದು ಏಕೆ ಎಂಬುದಕ್ಕೆ ಉತ್ತರ ನಾಟಕದ ಚರಿತ್ರೆಯಲ್ಲಿದೆ. ಕರ್ನಾಟಕದಿಂದ ಬಂದ ಭಾಗವತರ ಮೇಳದ ಆಟ ನೋಡಿದ ಸಾಂಗಲಿಯ ದೊರೆ ವಿಷ್ಣುದಾಸ ಭಾವೆಯವರಿಗೆ ಹೇಳಿ 1843ರಲ್ಲಿ ಸೀತಾ ಸ್ವಯಂವರ ಆಡಿಸಿದ. ಮರಾಠಿ ರಂಗಭೂಮಿ ತನ್ನ ಹುಟ್ಟನ್ನು ಅಲ್ಲಿಂದ ಎಣಿಸುತ್ತದೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನ ಅಣ್ಣಾಸಾಹೇಬ ಕಿರ್ಲೋಸ್ಕರರು ಪುಣೆಯಲ್ಲಿ ಸಂಗೀತ ಶಾಕುಂತಲ ಆಡಿಸಿದ್ದು 1880ರಲ್ಲಿ. ಕಂಪನಿ ಕಟ್ಟಿಕೊಂಡು ಊರೂರು ಹೋಗುವುದು, ಟಿಕೆಟ್ ಇಟ್ಟು ಆಟ ತೋರಿಸುವುದು, ಸಂಸ್ಥಾನಿಕರ ಆಸರೆ ಪಡೆಯುವುದು, ಇವೆಲ್ಲ ಕನ್ನಡ–ಮರಾಠಿ ಎರಡೂ ಆಡುವ ಈ ಗಡಿಸೀಮೆಗೆ ಆಗಲೇ ರೂಢಿಯಾಗಿದ್ದವು. ಸರ್ಕಸ್ಸು ಆ ರೂಢಿಯ ಒಳಗೆ ಬಂದು ಕೂತಿತು.

ಇಲ್ಲಿಯವರೆಗೆ ಹೇಳಿದ್ದು ಮಾಲೀಕರ ಕಥೆ. ಗಳುವಿನ ಮೇಲೆ ಹತ್ತಿದ ದೇಹ, ಹಗ್ಗದ ಮೇಲೆ ನಡೆದ ಕಾಲು ಯಾರವು ಎಂಬ ಪ್ರಶ್ನೆ ಬಂದಾಗ ನಾನು ಓದುತ್ತಿದ್ದ ಪುಸ್ತಕಗಳು ಬದಲಾದವು. ಜೇಮ್ಸ್ ಕ್ಯಾಂಪ್ಬೆಲ್ ಸಂಪಾದಿಸಿದ ಮುಂಬೈ ಪ್ರಾಂತದ ಗೆಜೆಟಿಯರುಗಳಲ್ಲಿ ವಿಜಯಪುರದ್ದು 23ನೇ ಸಂಪುಟ, 1884ರದು. ಈ ಸರಣಿಯುದ್ದಕ್ಕೂ ಜನರನ್ನು ಜಾತಿವಾರು ಜೋಡಿಸಿ ವರ್ಣಿಸಿದ್ದಾರೆ. ಪುಣೆಯ ಸಂಪುಟದಲ್ಲಿ ಲಾಗ ಹಾಕುವ ಕೊಲ್ಹಾಟಿಗಳ ವಿವರವಿದೆ. ಮದ್ರಾಸ್ ಕಡೆಯ ಎಡ್ಗರ್ ಥರ್ಸ್ಟನ್ 1909ರಲ್ಲಿ ಹೊರತಂದ ಏಳು ಸಂಪುಟಗಳಲ್ಲಿ ದೊಮ್ಮರರ ವಿವರವಿದೆ. ನಮ್ಮ ಊರುಗಳಲ್ಲಿ ಅವರನ್ನು ಡೊಂಬರು ಎನ್ನುತ್ತೇವೆ. ಊರಿನ ಅಗಸಿಯ ಮುಂದೆ ಹಲಗೆ ಬಾರಿಸಿ, ಗಳು ನೆಟ್ಟು, ಹಗ್ಗ ಬಿಗಿದು, ಮಕ್ಕಳನ್ನು ಹೆಗಲ ಮೇಲೆ ನಿಲ್ಲಿಸಿ ಆಡುವ ಆಟವನ್ನು ನೋಡದೆ ಬೆಳೆದ ಹಳೆಯ ತಲೆ ಈ ನಾಲ್ಕು ತಾಲ್ಲೂಕುಗಳಲ್ಲಿ ಸಿಗುವುದು ಕಷ್ಟ.

ಈ ವಿದ್ಯೆಯ ಬೇರು ಬಹಳ ಆಳದ್ದು. ಇಂಡಿ ಸೀಮೆಯ ತದ್ದೇವಾಡಿಯ ಹೆಸರು ಹೊತ್ತ ತರ್ದವಾಡಿ ಸಾಸಿರ ಕಲ್ಯಾಣದ ಚಾಲುಕ್ಯರ ಮುಖ್ಯ ನಾಡುಗಳಲ್ಲಿ ಒಂದು. ಆ ವಂಶದ ಮೂರನೆಯ ಸೋಮೇಶ್ವರ 12ನೇ ಶತಮಾನದ ಮೊದಲ ಭಾಗದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಅರಸನ ವಿನೋದಗಳ ಸಾಲಿನಲ್ಲಿ ಮಲ್ಲವಿನೋದವಿದೆ, ಗಜವಾಹ್ಯಾಲಿ, ತುರಗವಾಹ್ಯಾಲಿಗಳಿವೆ: ಸುತ್ತ ಜನ ಕೂತು ನೋಡುವ ಕಣದಲ್ಲಿ ಆನೆ, ಕುದುರೆ, ಜಟ್ಟಿಗಳ ಪಳಗಿದ ಪ್ರದರ್ಶನ. ಅದೇ ಶತಮಾನದಲ್ಲಿ ಬಾಗೇವಾಡಿಯ ಬಸವಣ್ಣನವರ ಸುತ್ತ ಸೇರಿದ ಶರಣರಲ್ಲಿ ಬಹುರೂಪಿ ಚೌಡಯ್ಯ, ಕಲಕೇತಯ್ಯ, ನಗೆಯ ಮಾರಿತಂದೆ ಇದ್ದರು. ಊರೂರು ತಿರುಗಿ ವೇಷ ಕಟ್ಟಿ, ಆಟ ಆಡಿ, ನಗಿಸಿ ಹೊಟ್ಟೆ ಹೊರೆಯುತ್ತಿದ್ದವರು ಇವರು. ಅವರ ಕಾಯಕಕ್ಕೆ ಅಲ್ಲಿ ಸಮನಾದ ಪೀಠ ಸಿಕ್ಕಿತ್ತು. ಇಂದಿಗೂ ನಮ್ಮ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವ, ಉಸುಕಿನ ಚೀಲವನ್ನು ಹಲ್ಲಿನಲ್ಲಿ ಕಚ್ಚಿ ಎತ್ತುವ ಪೈಲವಾನರಿಗೆ ಬೆಳ್ಳಿಯ ಕಡಗ ತೊಡಿಸುತ್ತೇವೆ. ವಿಕ್ಟೋರಿಯಾ ಕಾಲದ ಲಂಡನ್ನು ದುಡ್ಡು ಕೊಟ್ಟು ನೋಡುತ್ತಿದ್ದ ಬಲಭೀಮನ ಆಟ ನಮ್ಮಲ್ಲಿ ಊರ ಹಬ್ಬದ ಭಾಗವಾಗಿತ್ತು.

ಆದರೆ ಡೊಂಬರ ಪಾಲಿಗೆ ವಿಕ್ಟೋರಿಯಾ ಕಾಲ ತಂದದ್ದು ಕಡಗವಲ್ಲ. 1871ರಲ್ಲಿ ಸರಕಾರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಮಾಡಿತು. 1911ರ ಕಾಯ್ದೆಯಿಂದ ಅದರ ಕೈ ಮುಂಬೈ ಪ್ರಾಂತಕ್ಕೂ ಚಾಚಿತು. ಅಲೆಯುವುದೇ ಅನುಮಾನಕ್ಕೆ ಕಾರಣವಾಯಿತು. ವಿಜಯಪುರದಲ್ಲಿ ಅಧಿಕಾರಿಯಾಗಿದ್ದ ಒ.ಎಚ್.ಬಿ. ಸ್ಟಾರ್ಟ್ ಅಲ್ಲಿಂದಲೇ ಶುರು ಮಾಡಿ ಹುಬ್ಬಳ್ಳಿ, ಗದಗ, ಸೊಲ್ಲಾಪುರಗಳವರೆಗೆ ಬೆಳೆಸಿದ ಬೇಲಿಯೊಳಗಿನ ವಸಾಹತುಗಳನ್ನು ಜನ ಇಂದಿಗೂ ಸೆಟ್ಲಮೆಂಟ್ ಎಂದೇ ಕರೆಯುತ್ತಾರೆ. ಅಲೆಮಾರಿಗಳಾದ ಹಲವು ಸಮುದಾಯಗಳ ಮಕ್ಕಳು ಹಾಜರಿ ಕೊಟ್ಟು ಬದುಕಿದ ಜಾಗಗಳು ಅವು. ಕಾಯ್ದೆ ರದ್ದಾದದ್ದು 1952ರಲ್ಲಿ.

ಇದೇ ನನ್ನ ಹುಡುಕಾಟ ಮುಟ್ಟಿದ ತಳ. ಡೇರೆಯೊಳಗೆ ಟಿಕೆಟ್ ಕೊಟ್ಟು ನೋಡಿದರೆ ಅದು ಸರ್ಕಸ್ಸು, ಊರ ಬಯಲಲ್ಲಿ ನೋಡಿದರೆ ಡೊಂಬರಾಟ. ಒಂದು ಪೋಸ್ಟರಿನ ಮೇಲೆ ದಪ್ಪ ಅಕ್ಷರದಲ್ಲಿ ನಿಂತಿತು, ಇನ್ನೊಂದು ಜಾತಿಯ ಸಂಪುಟಕ್ಕೂ ಪೊಲೀಸರ ದಫ್ತರಕ್ಕೂ ಹೋಯಿತು. ಹಗ್ಗ ಅದೇ, ಲಾಗ ಅದೇ. ಸಂಸ್ಥಾನದ ಆಸರೆ, ಓದುಬರಹ, ಮೇಲ್ಜಾತಿಯ ಹೆಸರು ಇದ್ದವರು ಆ ವಿದ್ಯೆಗೆ ಡೇರೆ ಹೊದಿಸಿ ರೈಲು ಹತ್ತಿಸಬಲ್ಲವರಾದರು. ಛತ್ರೆಯವರ ಸಾಹಸವನ್ನು ನಾನು ಸಣ್ಣದು ಮಾಡುತ್ತಿಲ್ಲ; ಅದು ನಿಜಕ್ಕೂ ದೊಡ್ಡದು. ಆದರೆ ಅವರ ಹೆಸರಿನ ಜೊತೆಗೆ ಬರೆಯಬೇಕಾದ ಹೆಸರುಗಳನ್ನು ದಫ್ತರಗಳು ಬರೆದೇ ಇಲ್ಲ, ಇದು ಅನ್ಯಾಯ.

ಕೇರಳದವರು ಈ ವಿಷಯದಲ್ಲಿ ಎಚ್ಚರದಿಂದಿದ್ದರು. ಛತ್ರೆಯ ಕಂಪನಿ 1880ರ ದಶಕದ ಕೊನೆಗೆ ತಲಶೇರಿಗೆ ಹೋದಾಗ ಕಳರಿ ಮತ್ತು ಅಂಗಸಾಧನೆ ಕಲಿಸುತ್ತಿದ್ದ ಕೀಲೇರಿ ಕುಞಿಕಣ್ಣನ್ ಆ ಆಟವನ್ನು ಗುರುವಿನ ಕಣ್ಣಿಂದ ನೋಡಿದರು. 1901ರಲ್ಲಿ ಚಿರಕ್ಕರದಲ್ಲಿ ಸರ್ಕಸ್ ಶಾಲೆಯನ್ನೇ ತೆರೆದರು. ಆ ಶತಮಾನದ ಭಾರತೀಯ ಸರ್ಕಸ್ಸಿನ ಬಹುಪಾಲು ಕಲಾವಿದರು ಆ ಕಡೆಯವರಾದರು. ಅವರ ಚರಿತ್ರೆಯನ್ನು ಬರೆಯಲು ಶ್ರೀಧರನ್ ಚಂಪಾಡ್ ಅಂಥವರು ಸಿಕ್ಕರು, ನಿಶಾ ಪಿ.ಆರ್. ಅವರ ಸಂಶೋಧನೆ ಕಲಾವಿದರ ಬದುಕನ್ನೇ ನಡುವಿಗೆ ತಂದಿತು. ಗರಡಿಮನೆ, ಮಲ್ಲಕಂಬ, ಡೊಂಬರಾಟ ಮೂರೂ ಇದ್ದ, ಛತ್ರೆಯ ಊರಿಗೆ ತಲಶೇರಿಗಿಂತ ಎಷ್ಟೋ ಹತ್ತಿರವಿದ್ದ ವಿಜಯಪುರ ಸೀಮೆಗೆ ಅಂಥ ಶಾಲೆಯೂ ಬರಲಿಲ್ಲ, ಅಂಥ ಬರವಣಿಗೆಯೂ ಬರಲಿಲ್ಲ. ಹಲಸಂಗಿಯ ಗೆಳೆಯರು ಇಂಡಿ ಸೀಮೆಯ ಹಳ್ಳಿಗಳಲ್ಲಿ ಗರತಿಯರ ಹಾಡುಗಳನ್ನು ಬರೆದುಕೊಂಡು 1931ರಲ್ಲಿ ಪುಸ್ತಕ ಮಾಡದಿದ್ದರೆ ಆ ಹಾಡುಗಳೂ ಹೀಗೇ ಹೋಗುತ್ತಿದ್ದವು. ಆಟದ ಜನರಿಗೆ ಅಂಥ ಗೆಳೆಯರು ಇನ್ನೂ ಬರಬೇಕಾಗಿದೆ.

ಕಾಲ ಬಹಳ ಉಳಿದಿಲ್ಲ. ಸಿಂಹ, ಹುಲಿ, ಕರಡಿ, ಚಿರತೆ, ಮಂಗಗಳನ್ನು ಕುಣಿಸುವುದನ್ನು ಸರಕಾರ 1998ರಲ್ಲಿ ನಿಷೇಧಿಸಿತು, 2001ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. 2011ರಲ್ಲಿ ಮಕ್ಕಳನ್ನು ಸರ್ಕಸ್ಸಿನಲ್ಲಿ ದುಡಿಸಬಾರದೆಂದಿತು. ಎರಡೂ ಆಗಲೇಬೇಕಾಗಿದ್ದವು. ಡೇರೆಗಳು ಕಡಿಮೆಯಾದವು, ಅವುಗಳ ಜೊತೆಗೆ ನೆನಪು ಹೇಳುವವರೂ ಕಡಿಮೆಯಾಗುತ್ತಿದ್ದಾರೆ.

ಆದ್ದರಿಂದ ಈ ನಾಲ್ಕು ತಾಲ್ಲೂಕುಗಳ ಓದುಗರಲ್ಲಿ ನನ್ನದೊಂದು ಬಿನ್ನಹ. ನಿಮ್ಮ ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಸರ್ಕಸ್ ಕಂಪನಿಯ ಹಳೆಯ ಕರಪತ್ರ, ಟಿಕೆಟ್ಟಿನ ತುಂಡು, ಜಾತ್ರೆಯ ಖರ್ಚಿನ ಕಿರ್ದಿ, ಕಂಪನಿಗೆ ಜಾಗ ಕೊಟ್ಟ ಮೋಡಿ ಲಿಪಿಯ ಕಾಗದ ಏನೇ ಇದ್ದರೂ ರದ್ದಿಗೆ ಹಾಕಬೇಡಿ. ಅದರ ಒಂದು ಪ್ರತಿಯನ್ನು ಧಾರವಾಡದ ರಾಜ್ಯ ಪತ್ರಾಗಾರಕ್ಕೋ ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ಸಂಶೋಧನೆಯವರಿಗೋ ಮುಟ್ಟಿಸಿ. ಅದಕ್ಕೂ ಮೊದಲು ನಿಮ್ಮ ಊರ ಡೊಂಬರ ಮನೆತನದ ಹಿರಿಯರ ಹತ್ತಿರ ಹೋಗಿ ಕೂತುಕೊಳ್ಳಿ. ಅವರ ಅಜ್ಜ ಅಜ್ಜಿಯರು ಯಾವ ಕಂಪನಿಯ ಜೊತೆ ಎಲ್ಲೆಲ್ಲಿ ಹೋಗಿದ್ದರೆಂದು ಕೇಳಿ, ಅವರ ಒಪ್ಪಿಗೆ ಪಡೆದು, ಹೆಸರು ಹಾಕಿ ಬರೆದಿಡಿ.